ಹಳೇ ಮಾಸಪತ್ರಿಕೆಯ ಪಿಡಿಎಫ್‌ಗೆ ಅಚ್ಚಾದ ತಾರೀಖು ಕೂರಿಸಿದ ಕಥೆ

ಕೊನೆಗೂ ಕೆಲಸ ಆಯ್ತು. ಹತ್ತಿರ ಹತ್ತಿರ ಎರಡು ಸಾವಿರ ಪಿಡಿಎಫ್, ಎಲ್ಲದರೊಳಗೂ ಸಂಚಿಕೆ ಅಚ್ಚಾದ ತಾರೀಖೇ ಕೂತಿದೆ. ‘ಫೈಲ್ ಹೆಸರಲ್ಲೇ ವರ್ಷ ಇದೆಯಲ್ಲ, ಸುಮ್ನೆ ಯಾಕೆ ಒದ್ದಾಡ್ತೀಯ’ ಎಂದವರೇ ಈಗ ಸ್ಕ್ರಿಪ್ಟ್ (ಇದಕ್ಕೆಂದು ನಾನು ಬರೆದ ಪುಟ್ಟ ಪ್ರೋಗ್ರಾಂ) ಕೇಳುತ್ತಿದ್ದಾರೆ. ಹೆಸರು ನಾಲ್ಕು ಕೈ ದಾಟುವಷ್ಟರಲ್ಲಿ ಬದಲಾಗಿರುತ್ತದೆ. ಒಳಗಿನ ತಾರೀಖು ಹಾಗಲ್ಲ.

ಮೊದಲು ಪೈಪಿಡಿಎಫ್ ಎಂಬ ಪೈಥಾನ್ ಲೈಬ್ರರಿ ಹಿಡಿದೆ. ಪಿಡಿಎಫ್ ತನ್ನ ಬಗ್ಗೆ ಬರೆದಿಟ್ಟುಕೊಳ್ಳುವ ಇನ್ಫೋ ಎಂಬ ಪಟ್ಟಿಯಲ್ಲಿ ಕ್ರಿಯೇಷನ್‌ಡೇಟ್ (ಹುಟ್ಟಿದ ತಾರೀಖು) ಬದಲಾಯಿತು. ಆದರೆ ಒಂದು ರೀಡರ್ 1961 ತೋರಿಸಿದರೆ ಇನ್ನೊಂದು ಸ್ಕ್ಯಾನ್ ಆದ ದಿನವನ್ನೇ ತೋರಿಸಿತು. ಇಂಥದೇ ಮಾಹಿತಿ ಎಕ್ಸ್‌ಎಂಪಿ ಎಂಬ ಇನ್ನೊಂದು ಜಾಗದಲ್ಲೂ ಇರುತ್ತದೆ, ಸ್ಕ್ಯಾನರ್ ಬರೆದಿಟ್ಟ ಅದು ಹಾಗೇ ಉಳಿದಿತ್ತು. ಆಮೇಲೆ ಆರೇಳು ಸಾವಿರ ಕೊಟ್ಟು ಒಂದು ಸಾಫ್ಟ್‌ವೇರ್ ತಗೊಂಡೆ. ಅದರಲ್ಲಿ ಒಂದೊಂದೇ ಫೈಲ್ ತೆರೆದು ಟೈಪ್ ಮಾಡಬೇಕು. ಆ ದುಡ್ಡು ಹೋಯಿತು.

ದಾರಿಗೆ ತಂದದ್ದು ಪೈಕ್‌ಪಿಡಿಎಫ್ ಎಂಬ ಇನ್ನೊಂದು ಪೈಥಾನ್ ಲೈಬ್ರರಿ. ಮೆಟಾಡೇಟಾ (ಫೈಲ್ ಬಗೆಗಿನ ಈ ಮಾಹಿತಿ) ತೆರೆದು ಎಕ್ಸ್‌ಎಂಪಿಯ ಕ್ರಿಯೇಟ್‌ಡೇಟ್ ಬರೆದರೆ ಇನ್ಫೋವನ್ನೂ ಅದೇ ಸರಿಮಾಡುತ್ತದೆ. ಸ್ಕ್ಯಾನ್ ಆದ ದಿನವನ್ನು ಅಳಿಸದೆ ಮಾಡಿಫೈಡೇಟ್‌ಗೆ (ಬದಲಾದ ತಾರೀಖಿಗೆ) ಸಾಗಿಸಿದೆ. ಅದೂ ದಾಖಲೆಯೇ ಅಲ್ವಾ?

ಹೆಚ್ಚು ಕಾಡಿದ್ದು ಗಂಟೆ. ತಿಂಗಳ 1ನೇ ತಾರೀಖು, ರಾತ್ರಿ 12, +05:30 (ಭಾರತದ ಸಮಯ) ಎಂದು ಹಾಕಿದ್ದೆ. ಅಮೆರಿಕದಲ್ಲಿರುವ ಗೆಳೆಯ ತೆರೆದರೆ ಹಿಂದಿನ ತಿಂಗಳ ಕೊನೇ ದಿನ! ಅವನ ರೀಡರ್ ಅಲ್ಲಿನ ಸಮಯಕ್ಕೆ ಬದಲಾಯಿಸಿ ತೋರಿಸುತ್ತಿತ್ತು. ಮಧ್ಯಾಹ್ನ 12 ಹಾಕಿದರೂ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ರಾತ್ರಿಯೇ. ಸಂಜೆ 6 ಹಾಕಿದೆ. ಈಗ ಕ್ಯಾಲಿಫೋರ್ನಿಯಾದಿಂದ ಸಿಡ್ನಿವರೆಗೆ ಒಂದೇ ತಾರೀಖು. ಇದನ್ನು ನಾನೇ ಲೆಕ್ಕ ಹಾಕಿ ಕಂಡುಕೊಂಡೆ, ಖುಷಿ ಇದೆ.

ಕೆಲವು ಸಂಚಿಕೆಗಳಲ್ಲಿ ಇಸವಿಯೇ ಇಲ್ಲ. ‘ಪ್ಲವ ಸಂವತ್ಸರ, ಚೈತ್ರ’ ಅಷ್ಟೇ. 1901ರಲ್ಲೂ ಪ್ಲವ, 1961ರಲ್ಲೂ ಪ್ಲವ. ಯಾವ ಸುತ್ತಿನದು ಎಂದು ಸ್ಕ್ರಿಪ್ಟ್ ಹೇಗೆ ಹಿಡಿಯುತ್ತದೆ ಎನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ. ಡಿಜಿಟಲ್ ಸಹಿ ಇರುವ ಫೈಲ್‌ಗಳನ್ನು ಮಾತ್ರ ಮುಟ್ಟಬೇಡಿ, ಮತ್ತೆ ಸೇವ್ ಮಾಡಿದರೆ ಸಹಿ ಕೆಡುತ್ತದೆ.

ಫೋಲ್ಡರ್‌ನಲ್ಲಿ ಕಾಣುವ ತಾರೀಖನ್ನೂ ಪೈಥಾನಿನ ಓಎಸ್ ಯುಟೈಮ್ ಎಂಬ ಆದೇಶದಿಂದ 1961ಕ್ಕೆ ತಳ್ಳಿ ನೋಡಿದೆ. ಲಿನಕ್ಸ್‌ನಲ್ಲಿ ನಿಂತಿತು, ಪೆನ್‌ಡ್ರೈವ್‌ಗೆ ಹಾಕಿದಾಗ ಹೋಯಿತು. ಪೆನ್‌ಡ್ರೈವ್ ಫೈಲ್‌ಗಳನ್ನು ಇಡುವ ಫ್ಯಾಟ್ ಎಂಬ ವ್ಯವಸ್ಥೆಯಲ್ಲಿ ತಾರೀಖು ಶುರುವಾಗುವುದೇ 1980ರಿಂದ. ಅದನ್ನು ಅಲ್ಲಿಗೇ ಬಿಟ್ಟೆ.

ಕೆಲಸ ಕೊಟ್ಟ ಗ್ರಂಥಾಲಯದವರು ಫೈಲಿಗೆ ಮೂರು ರೂಪಾಯಿಯಂತೆ ಕೊಟ್ಟರು. ಸಾಫ್ಟ್‌ವೇರಿನ ದುಡ್ಡೂ ಅದರಲ್ಲಿ ಹೆಚ್ಚೂ ಕಮ್ಮಿ ವಾಪಸ್ ಬಂತು.