ಮ್ಯಾಂಚೆಸ್ಟರ್‌ಗೆ ಹೊಸಬರಾ? ಮ್ಯೂಸಿಕ್ ಹಾಲ್, ವಿಶೇಷಚೇತನರ ಫುಟ್‌ಬಾಲ್, ಮತ್ತೆ ಒಂದಿಷ್ಟು ಅಡ್ಜಸ್ಟ್‌ಮೆಂಟ್

ಮ್ಯಾಂಚೆಸ್ಟರ್‌ಗೆ ಬಂದಿಳಿದ ಮೊದಲ ತಿಂಗಳು ಎಲ್ಲರದ್ದೂ ಒಂದೇ ಕಥೆ. ಬಾಡಿಗೆ ಮನೆ, ಬ್ಯಾಂಕ್ ಖಾತೆ, ಜಿಪಿ (ಮನೆ ಹತ್ತಿರದ ಡಾಕ್ಟರ್) ನೋಂದಣಿ, ಮಕ್ಕಳ ಸ್ಕೂಲು, ಸೋನಾ ಮಸೂರಿ ಎಲ್ಲಿ ಸಿಗುತ್ತದೆ. ಅದಕ್ಕೆಲ್ಲ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹತ್ತು ನಿಮಿಷದಲ್ಲಿ ಉತ್ತರ ಬರುತ್ತದೆ, ಇಲ್ಲಿ ಮತ್ತೆ ಬರೆಯುವುದಿಲ್ಲ. ಇದು ಮೂರನೇ ತಿಂಗಳಿನವರಿಗೆ. ಅಂದರೆ ಚಳಿ ಶುರುವಾಗಿ, ನಾಲ್ಕು ಗಂಟೆಗೇ ಕತ್ತಲಾಗಿ, ಮನೆಮಂದಿಯೆಲ್ಲ ಮೊಬೈಲ್ ಹಿಡಿದು ಕೂತಿರುವವರಿಗೆ. ಅದರಲ್ಲೂ ಮನೆಯಲ್ಲಿ ನಡೆಯೋಕೆ, ನೋಡೋಕೆ, ಕೇಳೋಕೆ, ಮಾತಾಡೋಕೆ ಕಷ್ಟ ಇರುವ ಮಗು ಇದ್ದರೆ ಇದನ್ನು ಪೂರ್ತಿ ಓದಿ.

ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟ. ವಾಕರ್ ಹಿಡಿದು ನಡೆಯುತ್ತಾನೆ. ಬಂದ ಮೊದಲ ವರ್ಷ ಅವನನ್ನು ಸ್ಕೂಲು, ಆಸ್ಪತ್ರೆ ಬಿಟ್ಟು ಬೇರೆಲ್ಲೂ ಕರೆದುಕೊಂಡು ಹೋಗಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ‘ಸುಮ್ನೆ ಯಾಕೆ ಬೇರೆಯವರಿಗೆ ತೊಂದರೆ’ ಅಂತ ನಾವೇ ಕೂತಿದ್ದೆವು. ಊರಲ್ಲಿ ಮದುವೆಗೆ ಹೋದರೂ ಹಾಗೇ ಅಲ್ವಾ? ಛತ್ರದಲ್ಲಿ ಮೆಟ್ಟಿಲು ಜಾಸ್ತಿ ಅಂತ ಕೆಳಗೇ ಕೂರಿಸಿ, ಎಲೆ ಊಟ ಅಲ್ಲಿಗೇ ತಂದುಕೊಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಹುಡುಗ ಮದುವೆ ನೋಡಿರುವುದಿಲ್ಲ.

ಇಲ್ಲಿ ಕಲಿಯಬೇಕಾದ ಮೊದಲ ಮಾತು ‘ರೀಸನಬಲ್ ಅಡ್ಜಸ್ಟ್‌ಮೆಂಟ್’. 2010ರ ಈಕ್ವಾಲಿಟಿ ಆಕ್ಟ್‌ನಲ್ಲಿ ಇರುವ ಮಾತು. ನಮ್ಮೂರ ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದರೆ ನಾವು ಸರಿಯಬೇಕು. ಇಲ್ಲಿ ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಅವರು. ಅಂಗಡಿ, ಹಾಲ್, ಸ್ಕೂಲು, ಕ್ಲಬ್ಬು, ಯಾರೇ ಇರಲಿ, ತಮ್ಮ ಕೈಲಾದಷ್ಟು ಬದಲಾವಣೆ ಮಾಡಿಕೊಡುವುದು ಕಾನೂನಿನ ಪ್ರಕಾರ ಅವರ ಕರ್ತವ್ಯ. ಅದಕ್ಕೆ ನಿಮ್ಮಿಂದ ಹೆಚ್ಚಿನ ದುಡ್ಡು ಕೇಳುವ ಹಾಗೂ ಇಲ್ಲ. ಆದರೆ ಏನು ಬೇಕು ಅಂತ ಬಾಯಿಬಿಟ್ಟು ಹೇಳಬೇಕಾದವರು ನಾವು. ನಮಗೆ ಕಷ್ಟ ಆಗುವುದು ಅಲ್ಲೇ.

ಮೊದಲು ಮ್ಯೂಸಿಕ್ ಹಾಲ್‌ಗಳು

ಮ್ಯಾಂಚೆಸ್ಟರ್ ಹಾಡಿನ ಊರು. ಅತಿ ದೊಡ್ಡದು ಕೋ-ಆಪ್ ಲೈವ್, 2024ರ ಮೇನಲ್ಲಿ ಶುರುವಾಯಿತು, 23,500 ಜನ ಹಿಡಿಯುತ್ತದೆ. ಮ್ಯಾಂಚೆಸ್ಟರ್ ಸಿಟಿ ಫುಟ್‌ಬಾಲ್ ಕ್ಲಬ್ಬಿನ ಎತಿಹಾದ್ ಸ್ಟೇಡಿಯಂ ಪಕ್ಕದಲ್ಲೇ ಇದೆ. ಎತಿಹಾದ್ ಕ್ಯಾಂಪಸ್ ಅನ್ನುವ ಟ್ರಾಮ್ ಸ್ಟಾಪಿನಲ್ಲಿ ಇಳಿದರೆ ಒಂದು ಕಡೆ ಹಾಡು, ಇನ್ನೊಂದು ಕಡೆ ಚೆಂಡು. ಅದಕ್ಕೇ ಎರಡನ್ನೂ ಒಂದೇ ಬರಹದಲ್ಲಿ ಹಾಕಿದ್ದೇನೆ ಅಂದುಕೊಳ್ಳಿ. ಈ ಅರೀನಾದಿಂದ ಕೋ-ಆಪ್ ಫೌಂಡೇಶನ್‌ಗೆ ವರ್ಷಕ್ಕೆ 10 ಲಕ್ಷ ಪೌಂಡ್ ಕೊಡುವುದು ಅಂತ ಮೊದಲೇ ಮಾತಾಗಿದೆ. ಆ ಫೌಂಡೇಶನ್ ಸ್ಥಳೀಯ ಗುಂಪುಗಳಿಗೆ, ಹರೆಯದ ಮಕ್ಕಳಿಗಾಗಿ ನಡೆಯುವ ಕೆಲಸಗಳಿಗೆ ಅನುದಾನ ಕೊಡುವಂಥದ್ದು. ಇದು ಇಲ್ಲಿನ ರೀತಿ. ದೊಡ್ಡ ಹಾಲ್ ಕಟ್ಟಿದವರು ಸುತ್ತಲಿನ ಬೀದಿಯವರಿಗೆ ಏನು ಮಾಡಿದಿರಿ ಅಂತ ಊರು ಕೇಳುತ್ತದೆ. ಹೀಗಾಗಿ ಹಾಲ್‌ಗಳು ಸಮುದಾಯದ ದಿನ, ಮಕ್ಕಳ ವರ್ಕ್‌ಶಾಪ್ ಅಂತ ನಡೆಸುತ್ತಿರುತ್ತವೆ, ಚಿಕ್ಕ ತಂಡಗಳ ಜೆರ್ಸಿಗೆ ದುಡ್ಡು ಹಾಕುತ್ತಿರುತ್ತವೆ. ನಮ್ಮ ಗಣೇಶೋತ್ಸವದ ಬ್ಯಾನರ್ ಮೇಲೆ ಬೀದಿ ಕೊನೆಯ ಬೇಕರಿ ಹೆಸರು ಇರುವುದಿಲ್ವಾ, ಹಾಗೇ.

ವಿಕ್ಟೋರಿಯಾ ರೈಲು ನಿಲ್ದಾಣಕ್ಕೆ ಅಂಟಿಕೊಂಡಿರುವುದು ಎಒ ಅರೀನಾ. 2017ರ ಮೇ 22ರಂದು ಬಾಂಬ್ ಸಿಡಿದು 22 ಜನ ತೀರಿಕೊಂಡ ಜಾಗ ಅದೇ. ಈ ಊರಿನಲ್ಲಿ ಅದನ್ನು ಯಾರೂ ಮರೆತಿಲ್ಲ. ಬಾಗಿಲಲ್ಲಿ ತಪಾಸಣೆ ಜೋರಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ದೊಡ್ಡ ಅರೀನಾಗಳಲ್ಲಿ ಸಾಮಾನ್ಯವಾಗಿ ಎ4 ಹಾಳೆಗಿಂತ ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಪುಳಿಯೋಗರೆ ಡಬ್ಬಿಯೂ ಹೊರಗೇ. ಮಗುವಿಗೆ ಔಷಧಿ, ಫೀಡಿಂಗ್ ಪಂಪ್, ಪಥ್ಯದ ಊಟ ಬೇಕಿದ್ದರೆ ನಾಲ್ಕು ದಿನ ಮೊದಲೇ ಇಮೇಲ್ ಮಾಡಿ, ಬಂದ ಉತ್ತರವನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ.

ನನಗೆ ಇಷ್ಟವಾದದ್ದು ಚಿಕ್ಕವು. ಸ್ವಾನ್ ಸ್ಟ್ರೀಟ್‌ನ ಬ್ಯಾಂಡ್ ಆನ್ ದಿ ವಾಲ್ ಹಿಂದೆ ಪಬ್ ಆಗಿತ್ತು. ನೆಲದಲ್ಲಿ ಜಾಗ ಸಾಲದೆ ವಾದ್ಯದವರನ್ನು ಹಿಂದಿನ ಗೋಡೆಗೆ ಎತ್ತರದಲ್ಲಿ ಕಟ್ಟಿದ ಅಟ್ಟದ ಮೇಲೆ ಕೂರಿಸುತ್ತಿದ್ದರು, ಹೆಸರು ಅಲ್ಲಿಂದಲೇ ಬಂತು. ಈಗ ಅದನ್ನು ಒಂದು ಚಾರಿಟಿ ನಡೆಸುತ್ತದೆ. ಜಾಜ್, ಜಾನಪದ, ಬೇರೆ ಬೇರೆ ದೇಶಗಳ ಸಂಗೀತ, ಜೊತೆಗೆ ಕಲಿಕೆಯ ಕಾರ್ಯಕ್ರಮಗಳು. ಬ್ರಿಡ್ಜ್‌ವಾಟರ್ ಹಾಲ್ ಬೇರೆಯದೇ ಲೋಕ, 1858ರಲ್ಲಿ ಶುರುವಾದ ಹಲ್ಲೆ ಆರ್ಕೆಸ್ಟ್ರಾದ ಮನೆ. (ಹೌದು, ಹೆಸರು ಹಾಗೇ. ನಮ್ಮ ಗುಂಪಿನಲ್ಲಿ ಮೊದಲ ಸಲ ‘ಶನಿವಾರ ಹಲ್ಲೆಗೆ ಹೋಗ್ತಿದೀವಿ’ ಅಂತ ಮೆಸೇಜ್ ಬಂದಾಗ ಎಲ್ಲರೂ ಗಾಬರಿಯಾಗಿದ್ದೆವು.) ಹತ್ತಿರದ ಟ್ರಾಮಿನ ಅದುರು ಒಳಗೆ ಬರದಿರಲಿ ಅಂತ ಇಡೀ ಕಟ್ಟಡವನ್ನು ಸುಮಾರು 280 ಸ್ಪ್ರಿಂಗ್‌ಗಳ ಮೇಲೆ ನಿಲ್ಲಿಸಿದ್ದಾರೆ. ಮಕ್ಕಳಿಗೆ ಇದನ್ನು ಹೇಳಿ, ಕಛೇರಿ ಮುಗಿಯುವ ತನಕ ನೆಲ ನೋಡುತ್ತಲೇ ಕೂರುತ್ತಾರೆ.

‘ರಿಲ್ಯಾಕ್ಸ್ಡ್’ ಅಂತ ಬರೆದಿರುವ ಕಾರ್ಯಕ್ರಮ ಕಂಡರೆ ಬಿಡಬೇಡಿ. ಆಟಿಸಂ ಇರುವ ಮಕ್ಕಳಿಗೆ, ಸುಮ್ಮನೆ ಕೂರಲಾಗದವರಿಗೆ ಅಂತಲೇ ಮಾಡುವಂಥದ್ದು. ದೀಪ ಪೂರ್ತಿ ಆರಿಸುವುದಿಲ್ಲ, ಸದ್ದು ಕಡಿಮೆ, ಮಗು ಎದ್ದು ಓಡಾಡಿದರೂ ಕೂಗಿದರೂ ಯಾರೂ ತಿರುಗಿ ನೋಡುವುದಿಲ್ಲ. ನನ್ನ ಪ್ರಕಾರ ಹೊಸಬರು ಮೊದಲು ಇಂಥದ್ದಕ್ಕೇ ಹೋಗಬೇಕು. ಅಪ್ಪ ಅಮ್ಮನಿಗೂ ರಿಲ್ಯಾಕ್ಸ್ ಆಗುತ್ತದೆ.

ಟಿಕೆಟ್ ತೆಗೆಯುವಾಗ ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಒಂದು ದೊಡ್ಡ ಹಾಲ್‌ಗೆ ಎಲ್ಲರ ಹಾಗೆ ಆನ್‌ಲೈನ್‌ನಲ್ಲಿ ಕಡಿಮೆ ರೇಟಿನ ಸೀಟು ಬುಕ್ ಮಾಡಿದೆ. ಹೋಗಿ ನೋಡಿದರೆ ಕಡಿದಾದ ಮೆಟ್ಟಿಲು, ಸೀಟು ಮೇಲೆ ಎಲ್ಲೋ ಆಕಾಶದಲ್ಲಿ. ಮಗನನ್ನು ಎತ್ತಿಕೊಂಡು ಹತ್ತುತ್ತೇನೆ ಅಂತ ನಾನು, ಸುರಕ್ಷತೆ ದೃಷ್ಟಿಯಿಂದ ಬಿಡಲ್ಲ ಅಂತ ಸ್ಟೀವರ್ಡು. ಕೊನೆಗೆ ಆಕೆಯೇ ವಾಕಿಟಾಕಿಯಲ್ಲಿ ಮಾತಾಡಿ ಕೆಳಗೆ ಜಾಗ ಹುಡುಕಿಕೊಟ್ಟಳು. ಹೋಗುವಾಗ ‘ಮುಂದಿನ ಸಲ ಆಕ್ಸೆಸ್ ಟೀಮ್‌ಗೆ ಹೇಳಿ ಬುಕ್ ಮಾಡಿ’ ಅಂದಳು. ಅಂಥ ಟೀಮ್ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ವೀಲ್‌ಚೇರ್ ಜಾಗ, ಮೆಟ್ಟಿಲಿಲ್ಲದ ದಾರಿ, ಜೊತೆಗಾರರಿಗೆ ಉಚಿತ ಟಿಕೆಟ್, ಸೈನ್ ಲ್ಯಾಂಗ್ವೇಜ್, ಎಲ್ಲಾ ಅವರ ಹತ್ತಿರವೇ ಕೇಳಬೇಕು. ಇಂಥ ವ್ಯವಸ್ಥೆ ಹಾಲ್‌ಗಳಲ್ಲಿ ತಾನಾಗಿ ಬಂದದ್ದಲ್ಲ. ಆಟಿಟ್ಯೂಡ್ ಈಸ್ ಎವ್ರಿಥಿಂಗ್ ಅನ್ನುವ ಚಾರಿಟಿ 2000ದಿಂದ ಬೆನ್ನು ಹತ್ತಿ ಮಾಡಿಸುತ್ತಿದೆ. ಹಾಲ್‌ಗಳಿಗೆ ಕಂಚು, ಬೆಳ್ಳಿ, ಚಿನ್ನ ಅಂತ ದರ್ಜೆಯನ್ನೂ ಕೊಡುತ್ತದೆ.

ಇನ್ನೊಂದು ಸಣ್ಣ ವಿಷಯ. ಸದ್ದು ತಡೆಯಲು ಕಿವಿಗೆ ಹಾಕುವ ಇಯರ್ ಡಿಫೆಂಡರ್ ಕೊಂಡುಕೊಳ್ಳಿ, ಎಲ್ಲಾ ಮಕ್ಕಳಿಗೂ. ಮತ್ತೆ ಹಸಿರು ಪಟ್ಟಿಯ ಮೇಲೆ ಸೂರ್ಯಕಾಂತಿ ಹೂವಿರುವ ಲ್ಯಾನ್ಯಾರ್ಡ್ ಕೊರಳಲ್ಲಿ ಕಂಡರೆ, ಹೊರಗೆ ಕಾಣದ ತೊಂದರೆ ಇದೆ, ಸ್ವಲ್ಪ ತಾಳ್ಮೆ ಇರಲಿ ಅಂತ ಅರ್ಥ. 2016ರಲ್ಲಿ ಗ್ಯಾಟ್‌ವಿಕ್ ಏರ್‌ಪೋರ್ಟಿನಲ್ಲಿ ಶುರುವಾದದ್ದು, ಈಗ ಎಲ್ಲಾ ಕಡೆ ನಡೆಯುತ್ತದೆ.

ವೀಸಾದವರು ಇದನ್ನು ಎರಡು ಸಲ ಓದಿ

ಜೊತೆಗಾರರ ಉಚಿತ ಟಿಕೆಟ್ ಕೇಳಿದಾಗ ಪುರಾವೆ ಕೇಳುತ್ತಾರೆ. ಇಲ್ಲಿಯವರು ತೋರಿಸುವುದು ಡಿಎಲ್‌ಎ ಅಥವಾ ಪಿಪ್ ಪತ್ರ. ಎರಡೂ ವಿಶೇಷಚೇತನರಿಗೆ ಸರ್ಕಾರ ಕೊಡುವ ಭತ್ಯೆ. ಡಿಎಲ್‌ಎ 16 ವರ್ಷದೊಳಗಿನವರಿಗೆ, ಪಿಪ್ ಅದಕ್ಕಿಂತ ದೊಡ್ಡವರಿಗೆ. ‘ಹಾಗಾದರೆ ನಾವೂ ಅರ್ಜಿ ಹಾಕೋಣ’ ಅಂತ ಹೊರಡಬೇಡಿ! ಕೆಲಸದ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ ಅನ್ನುವ ಷರತ್ತು ಇರುತ್ತದೆ, ಅಂದರೆ ಪಟ್ಟಿಯಲ್ಲಿರುವ ಸರ್ಕಾರಿ ಭತ್ಯೆಗಳನ್ನು ತೆಗೆದುಕೊಳ್ಳುವ ಹಾಗಿಲ್ಲ. ಡಿಎಲ್‌ಎ, ಪಿಪ್, ಕೇರರ್ಸ್ ಅಲೋಯನ್ಸ್ (ನೋಡಿಕೊಳ್ಳುವವರಿಗೆ ಕೊಡುವ ಭತ್ಯೆ) ಮೂರೂ ಆ ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲಿವೆ. ತೆಗೆದುಕೊಂಡರೆ ಮುಂದೆ ವೀಸಾಕ್ಕೇ ಕುತ್ತು. ಅನುಮಾನ ಇದ್ದರೆ ಪರವಾನಗಿ ಇರುವ ಇಮಿಗ್ರೇಶನ್ ಸಲಹೆಗಾರರನ್ನು ಕೇಳಿ, ಗುಂಪಿನ ಫಾರ್ವರ್ಡ್ ನಂಬಬೇಡಿ. ನನ್ನ ಫಾರ್ವರ್ಡನ್ನೂ ಸೇರಿಸಿ.

ಆದರೆ ಬಾಗಿಲು ಮುಚ್ಚಿಲ್ಲ. ಸ್ಕೂಲಿನಲ್ಲಿ ಸಿಗುವ ವಿಶೇಷ ಸಹಾಯ ಆ ಪಟ್ಟಿಯಲ್ಲಿ ಇಲ್ಲ. ಕಾರ್ ಪಾರ್ಕಿಂಗ್‌ನ ಬ್ಲೂ ಬ್ಯಾಡ್ಜ್ ಕೂಡ ಇಲ್ಲ. 2019ರ ಆಗಸ್ಟಿನಿಂದ ಹೊರಗೆ ಕಾಣದ ತೊಂದರೆಗೂ ಬ್ಯಾಡ್ಜ್ ಕೊಡುತ್ತಾರೆ. ಡಿಎಲ್‌ಎ ಇಲ್ಲದವರು ಕೌನ್ಸಿಲ್‌ಗೆ ವೈದ್ಯರ ಕಾಗದಗಳ ಜೊತೆ ಅರ್ಜಿ ಹಾಕಬೇಕು, ಸ್ವಲ್ಪ ಓಡಾಟ ಅಷ್ಟೇ. ಹಾಲ್‌ಗಳ ವಿಷಯಕ್ಕೆ ಬಂದರೆ, ನಿಂಬಸ್ ಸಂಸ್ಥೆಯ ಆಕ್ಸೆಸ್ ಕಾರ್ಡ್ ಮಾಡಿಸಿಕೊಳ್ಳಿ. ಅದು ಸರ್ಕಾರದ ಸವಲತ್ತಲ್ಲ, ದುಡ್ಡು ಕೊಟ್ಟು ಮಾಡಿಸುವ ಗುರುತಿನ ಚೀಟಿ. ನಿಮಗೆ ಏನು ಬೇಕು ಅನ್ನುವುದು ಚಿಹ್ನೆಗಳಲ್ಲಿ ಇರುತ್ತದೆ: ಜೊತೆಗೊಬ್ಬರು ಬೇಕು, ಸಾಲಿನಲ್ಲಿ ನಿಲ್ಲಲಾಗದು, ಹೀಗೆ. ಪ್ರತಿ ಸಲ ಕೌಂಟರಿನಲ್ಲಿ ನಿಂತು ಮಗನ ಕಾಯಿಲೆಯ ಕಥೆ ಹೇಳುವುದು ತಪ್ಪುತ್ತದೆ. ನನಗೆ ಉಚಿತ ಟಿಕೆಟ್‌ಗಿಂತ ಇದೇ ದೊಡ್ಡದು ಅನ್ನಿಸಿತು.

ಈಗ ಫುಟ್‌ಬಾಲ್

‘ನಮ್ಮ ಮಗುವಿಗೆ ಫುಟ್‌ಬಾಲಾ?’ ಅಂತ ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದ್ದೆ. ಮಗನ ಫಿಸಿಯೋ ಹೇಳಿದಾಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ.

ವಾಕರ್ ಹಿಡಿದವರಿಗೆ ಅಂತಲೇ ಫ್ರೇಮ್ ಫುಟ್‌ಬಾಲ್ ಇದೆ. ಇಲ್ಲಿ ವಾಕರ್‌ಗೆ ಫ್ರೇಮ್ ಅನ್ನುತ್ತಾರೆ. ಮೋಟಾರ್ ವೀಲ್‌ಚೇರ್‌ನವರಿಗೆ ಪವರ್‌ಚೇರ್ ಫುಟ್‌ಬಾಲ್: ಒಳಾಂಗಣದಲ್ಲಿ, ಬಾಸ್ಕೆಟ್‌ಬಾಲ್ ಅಂಗಳದಷ್ಟು ಜಾಗ, ಒಂದು ಕಡೆ 4 ಜನ, ಚೆಂಡು 33 ಸೆಂಟಿಮೀಟರ್, ಕುರ್ಚಿಯ ವೇಗ ಗಂಟೆಗೆ 10 ಕಿಲೋಮೀಟರ್ ದಾಟುವ ಹಾಗಿಲ್ಲ. ಕುರ್ಚಿಯ ಮುಂದೆ ಗಾರ್ಡ್ ಕಟ್ಟಿ, ಗಿರ್ರನೆ ತಿರುಗಿ ಹೊಡೆಯುತ್ತಾರೆ ನೋಡಿ, ಎದೆ ಝಲ್ ಅನ್ನುತ್ತದೆ. ಒಂದು ಕಾಲು ಇಲ್ಲದವರು ಊರುಗೋಲಿನ ಮೇಲೆ ಆಡುವುದು ಬೇರೆ, ಕಿವುಡರದ್ದು ಬೇರೆ.

ಅಂಧರ ಆಟವನ್ನಂತೂ ಒಮ್ಮೆ ನೋಡಲೇಬೇಕು. ಒಂದು ಕಡೆ 5 ಜನ. ಗೋಲ್‌ಕೀಪರ್‌ಗೆ ಕಣ್ಣು ಕಾಣುತ್ತದೆ, ಉಳಿದ ನಾಲ್ವರೂ ಕಣ್ಣಿಗೆ ಪಟ್ಟಿ ಕಟ್ಟಿರುತ್ತಾರೆ. ಚೆಂಡಿನೊಳಗೆ ಗಿಲಕಿಯ ಸದ್ದು. ಚೆಂಡಿನ ಕಡೆ ನುಗ್ಗುವವನು ‘ವೊಯ್’ ಅಂತ ಕೂಗಬೇಕು, ಸ್ಪ್ಯಾನಿಷ್‌ನಲ್ಲಿ ‘ಬರ್ತಿದೀನಿ’ ಅಂದ ಹಾಗೆ. ಎದುರಾಳಿ ಗೋಲಿನ ಹಿಂದೆ ನಿಂತ ಗೈಡ್ ದಾರಿ ಹೇಳುತ್ತಾನೆ. ಇಷ್ಟೂ ಕೇಳಬೇಕಲ್ಲ, ಹಾಗಾಗಿ ಆಟ ನಡೆಯುವಾಗ ನೋಡುವವರು ಉಸಿರು ಬಿಗಿ ಹಿಡಿದು ಕೂರಬೇಕು, ಗೋಲ್ ಆದ ಮೇಲೆ ಮಾತ್ರ ಕೂಗಬಹುದು. ನಮ್ಮವರಿಗೆ ಕಷ್ಟ, ಗೊತ್ತು.

ಇದ್ಯಾವುದೂ ಹತ್ತಿರ ಇಲ್ಲವಾದರೆ ‘ಪ್ಯಾನ್ ಡಿಸಬಿಲಿಟಿ’ ಅಂತ ಹುಡುಕಿ. ಎಲ್ಲ ಬಗೆಯ ತೊಂದರೆಯವರೂ ಒಟ್ಟಿಗೆ ಆಡುವ ತಂಡ. ಯಾರಿಗೆ ಏನು ತೊಂದರೆ ಅನ್ನುವುದನ್ನು ನೋಡಿ ಅಲ್ಲ, ಯಾರು ಎಷ್ಟು ಆಡಬಲ್ಲರು ಅನ್ನುವುದನ್ನು ನೋಡಿ ಗುಂಪು ಮಾಡುತ್ತಾರೆ. ಹೆಚ್ಚಿನ ಹೊಸಬರು ಶುರು ಮಾಡುವುದು ಇಲ್ಲಿಂದಲೇ.

ಎಲ್ಲಿ ಕೇಳಬೇಕು? ಮ್ಯಾಂಚೆಸ್ಟರ್ ಸಿಟಿಯ ಚಾರಿಟಿ ಸಿಟಿ ಇನ್ ದಿ ಕಮ್ಯೂನಿಟಿ 1986ರಿಂದ ಇದೆ. ಯುನೈಟೆಡ್‌ನವರಿಗೂ ಮ್ಯಾಂಚೆಸ್ಟರ್ ಯುನೈಟೆಡ್ ಫೌಂಡೇಶನ್ ಇದೆ. ಇಬ್ಬರೂ ಇಂಥ ಆಟ ನಡೆಸುತ್ತಾರೆ. ಮಗ ಕೆಂಪು ಅಂಗಿಯ (ಯುನೈಟೆಡ್) ಕಡೆಯೋ ನೀಲಿಯ (ಸಿಟಿ) ಕಡೆಯೋ ಅನ್ನುವುದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಿ, ಸ್ಕೂಲಿನಲ್ಲಿ ಅದೇ ಮೊದಲ ಪ್ರಶ್ನೆ. ಮನೆ ಹತ್ತಿರದ ತಂಡ ಬೇಕಿದ್ದರೆ ಇಲ್ಲಿನ ಫುಟ್‌ಬಾಲ್ ಸಂಸ್ಥೆ ಮ್ಯಾಂಚೆಸ್ಟರ್ ಎಫ್‌ಎಗೆ ಬರೆಯಿರಿ, ಅಥವಾ ಸ್ಕೂಲಿನ ಸೆನ್ಕೋ ಟೀಚರ್ (ವಿಶೇಷ ಸಹಾಯ ಬೇಕಾದ ಮಕ್ಕಳನ್ನು ನೋಡಿಕೊಳ್ಳುವವರು) ಹತ್ತಿರ ಕೇಳಿ. ಕೋಚ್‌ಗಳ ಡಿಬಿಎಸ್ ತಪಾಸಣೆ (ಹಿಂದೆ ಅಪರಾಧದ ದಾಖಲೆ ಇದೆಯಾ ಅಂತ ನೋಡುವುದು) ಆಗಿದೆಯಾ, ಕ್ಲಬ್ಬಿನ ವೆಲ್‌ಫೇರ್ ಆಫೀಸರ್ ಯಾರು ಅಂತ ಧಾರಾಳವಾಗಿ ಕೇಳಬಹುದು. ಯಾರೂ ತಪ್ಪು ತಿಳಿಯುವುದಿಲ್ಲ, ಕೇಳದಿದ್ದರೇ ವಿಚಿತ್ರ.

ಮೊದಲ ದಿನಕ್ಕೆ ಶಿನ್ ಪ್ಯಾಡ್, ನೀರು, ಎರಡು ಜೊತೆ ಕಾಲುಚೀಲ. ಮಳೆ ಬಂದರೂ ಆಟ ನಿಲ್ಲುವುದಿಲ್ಲ, ಇದು ಮ್ಯಾಂಚೆಸ್ಟರು. ನಮ್ಮ ಮೊದಲ ದಿನ ಕೋಚ್ ನನ್ನ ಹತ್ತಿರ ಮಾತೇ ಆಡಲಿಲ್ಲ. ನೇರ ಮಗನ ಮುಂದೆ ಮಂಡಿಯೂರಿ ಕೂತು ‘ನಿನ್ನ ಹೆಸರೇನು, ಎಡಗಾಲಾ ಬಲಗಾಲಾ?’ ಅಂತ ಕೇಳಿದ. ಮಗ ನನ್ನ ಮುಖ ನೋಡಿದ. ಅವನಿಗೆ ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಮಗೂ ಉತ್ತರ ಗೊತ್ತಿರಲಿಲ್ಲ. ಎಡಗಾಲು ಅಂತ ಆಮೇಲೆ ಗೊತ್ತಾಯಿತು. ಗೆರೆಯ ಹಿಂದೆ ನಿಂತು ಚಪ್ಪಾಳೆ ಹೊಡೆಯಿರಿ, ಒಳಗೆ ಓಡಿಹೋಗಿ ಎತ್ತಬೇಡಿ. ಬಿದ್ದರೆ ಏಳಲು ಬಿಡುತ್ತಾರೆ. ಇದಕ್ಕೆ ಅಜ್ಜಿ ತಾತಂದಿರನ್ನು ಮನೆಯಲ್ಲೇ ತಯಾರು ಮಾಡಿಕೊಂಡು ಕರೆದುಕೊಂಡು ಬನ್ನಿ.

ತಾತಂದಿರ ಮುಂದಿನ ಪ್ರಶ್ನೆ ‘ಕ್ರಿಕೆಟ್ ಇಲ್ವಾ?’ ಅವರಿಗೆ ಈ ಕಥೆ ಹೇಳಿ. 2023ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂಧರ ವಿಶ್ವ ಕ್ರೀಡಾಕೂಟ ನಡೆಯಿತು, ಇಲ್ಲಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ ದಾರಿ. ಅಲ್ಲಿ ಭಾರತದ ಅಂಧ ಮಹಿಳೆಯರ ಕ್ರಿಕೆಟ್ ತಂಡ ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ಚಿನ್ನ ಗೆದ್ದಿತು. ನಮ್ಮ ದೇಶದಲ್ಲಿ ಅಂಧರ ಕ್ರಿಕೆಟ್ ಬೆಳೆಸಿದವರಲ್ಲಿ ಬೆಂಗಳೂರಿನ ಸಮರ್ಥನಂ ಸಂಸ್ಥೆ ಮುಖ್ಯವಾದದ್ದು. ಆಮೇಲೆ ತಾತ ಗೆರೆಯ ಹಿಂದೆ ಅಲ್ಲ, ಗೆರೆಯ ಮೇಲೇ ನಿಲ್ಲುತ್ತಾರೆ.

ಓಡಾಟದ ಬಗ್ಗೆ ಚಿಂತೆ ಬೇಡ. ಟ್ರಾಮ್ ಪ್ಲಾಟ್‌ಫಾರ್ಮಿಗೆ ಸಮವಾಗಿ ನಿಲ್ಲುತ್ತದೆ, ವೀಲ್‌ಚೇರ್ ಸೀದಾ ಒಳಗೆ ಹೋಗುತ್ತದೆ. ಆದರೆ ಸಿಟಿ ಮ್ಯಾಚ್ ಅಥವಾ ಅರೀನಾದಲ್ಲಿ ಶೋ ಇರುವ ದಿನ ಎತಿಹಾದ್ ಕಡೆಯ ಟ್ರಾಮ್ ತುಂಬಿ ತುಳುಕುತ್ತದೆ. ಶೋ ಮುಗಿದ ಕೂಡಲೇ ಓಡಬೇಡಿ, ಅರ್ಧ ಗಂಟೆ ಕೂತು ಹೊರಡಿ.

ಶನಿವಾರ ಬೆಳಿಗ್ಗೆ ಪ್ರಾಕ್ಟೀಸಿಗೆ ಹೋಗುವಾಗ ನಮ್ಮ ಕಾರಿನಲ್ಲಿ ಎರಡು ಸೀಟು ಖಾಲಿ ಇರುತ್ತವೆ. ಮಗನ ವಾಕರ್ ಮಡಚಿದರೆ ಡಿಕ್ಕಿಯಲ್ಲಿ ಇನ್ನೊಂದಕ್ಕೂ ಜಾಗ ಇದೆ. ಶುಕ್ರವಾರ ರಾತ್ರಿ ಒಂಬತ್ತರೊಳಗೆ ಗುಂಪಿನಲ್ಲಿ ಮೆಸೇಜ್ ಹಾಕಿ, ಮನೆ ಹತ್ತಿರ ಬಂದು ಕರೆದುಕೊಂಡು ಹೋಗುತ್ತೇವೆ. ಮಗುವಿನ ಶೂ ಸೈಜೂ ಬರೆಯಿರಿ, ಹಳೆಯ ಬೂಟುಗಳು ನಮ್ಮ ಹತ್ತಿರ ಬೇಕಾದಷ್ಟಿವೆ.