ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕೋ ಮುಂಚೆ ಫಾಲ್ಕನ್ ಬ್ರೌಸರ್ ಹಾಕಿ ನೋಡಿ

ಮಂಡ್ಯದಲ್ಲಿ ನಮ್ಮಪ್ಪನ ಹತ್ರ 2 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಇದೆ, ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೀನಿ. ಬೆಳಗ್ಗೆ ಎದ್ದು ಕೆಆರ್‌ಎಸ್ ನೀರಿನ ಮಟ್ಟ, ಆಮೇಲೆ ಪೇಪರ್, ಅಷ್ಟೇ ಬೇಕಾಗಿರೋದು. ಅದಕ್ಕೂ ಬ್ರೌಸರ್ ತೆರೆಯೋದ್ರೊಳಗೆ ಕಾಫಿ ಆರಿಹೋಗ್ತಿತ್ತು.

ಈಗ ಫಾಲ್ಕನ್ ಹಾಕಿದ್ದೀನಿ. 2010ರಲ್ಲಿ ಕಪ್‌ಝಿಲ್ಲಾ ಅಂತ ಶುರುವಾಗಿದ್ದು, ಈಗ ಕೆಡಿಇ ಅನ್ನೋ ಮುಕ್ತ ತಂತ್ರಾಂಶ ಬಳಗದವರದ್ದು. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತೆ. ಜಾಹೀರಾತು ತಡೆಯೋ ಆಡ್‌ಬ್ಲಾಕ್ ಒಳಗೇ ಇದೆ.

ಮುಖ್ಯವಾಗಿ ಮಾಡ್ಬೇಕಾದ್ದು ಫಾಂಟ್. ಪ್ರಿಫರೆನ್ಸಸ್‌ನಲ್ಲಿ ಫಾಂಟ್ಸ್‌ಗೆ ಹೋಗಿ ಸ್ಟ್ಯಾಂಡರ್ಡ್ ಜಾಗದಲ್ಲಿ ನೋಟೋ ಸ್ಯಾನ್ಸ್ ಕನ್ನಡ ಆರಿಸಿ, ಮಿನಿಮಮ್ ಸೈಜ್ 15 ಇಡಿ. ಇಂಗ್ಲಿಷ್‌ಗೆ 12 ಸಾಕು, ಆದ್ರೆ 'ಶಾಸ್ತ್ರ', 'ರಾಷ್ಟ್ರ' ಥರದ ಒತ್ತಕ್ಷರ ಆ ಸೈಜಲ್ಲಿ ಇರುವೆ ಸಾಲಿನ ಹಾಗೆ ಕಾಣ್ಸುತ್ತೆ. ಅಪ್ಪ ಕನ್ನಡಕ ಬದಲಾಯಿಸ್ಬೇಕು ಅಂತಿದ್ರು, ಈಗ ಸುಮ್ನಾಗಿದ್ದಾರೆ!

ಬ್ರೌಸರ್ ಶುರುವಾದಾಗ ಸ್ಪೀಡ್ ಡಯಲ್, ಅಂದ್ರೆ ಬೇಕಾದ ಪುಟಗಳನ್ನ ಚೌಕಗಳಾಗಿ ತೋರಿಸೋ ಪುಟ, ತೆರೆಯೋ ಹಾಗೆ ಇಟ್ಟು, ಅವರು ದಿನಾ ನೋಡೋ ನಾಲ್ಕೇ ಪುಟ ಅಲ್ಲಿ ಇಟ್ಟಿದ್ದೀನಿ. ಅಡ್ರೆಸ್ ಟೈಪ್ ಮಾಡೋ ತಾಪತ್ರಯವೇ ಇಲ್ಲ.

ಹಾಗಂತ ಮಾಯ ಮಂತ್ರ ಏನಿಲ್ಲ. ಒಳಗೆ ಪುಟ ತೋರಿಸೋದು ಕ್ಯೂಟಿ ವೆಬ್‌ಎಂಜಿನ್, ಅದೂ ಗೂಗಲ್ ಕ್ರೋಮ್‌ಗೆ ಮೂಲವಾದ ಕ್ರೋಮಿಯಂ ಆಧಾರದ್ದೇ, ಹತ್ತು ಟ್ಯಾಬ್ ತೆರೆದ್ರೆ ಇದೂ ಮುಗ್ಗರಿಸುತ್ತೆ. ಬ್ಯಾಂಕ್ ಕೆಲಸಕ್ಕೆ ಮಾತ್ರ ನಾನು ಫೈರ್‌ಫಾಕ್ಸ್ ಉಳಿಸ್ಕೊಂಡಿದ್ದೀನಿ, ಯಾಕಂದ್ರೆ ಅದಕ್ಕೆ ಸೆಕ್ಯೂರಿಟಿ ಅಪ್‌ಡೇಟ್ ಬೇಗ ಬೇಗ ಬರುತ್ತೆ.