ಮಗುವಿಗೆ "ತೋರಿಸು" ಅನ್ನಬೇಡಿ, "ಕಲಿಸಿಕೊಡು" ಅನ್ನಿ

ಶಿಕ್ಷಕ ಮಿತ್ರರೇ, ತರಗತಿಯಲ್ಲಿ ಬಾಯಿ ಬಿಡದ ಮಗುವನ್ನು "ಬಾ, ಒಂದು ಹಾಡು ಹೇಳು" ಎಂದು ಎಲ್ಲರ ಮುಂದೆ ನಿಲ್ಲಿಸುವ ಬದಲು, ತನಗೆ ಬರುವ ಒಂದು ಕೆಲಸವನ್ನು ಕೂತಲ್ಲೇ ಇಬ್ಬರು ಗೆಳೆಯರಿಗೆ ಕಲಿಸಲು ಹೇಳಿ. ಹೂ ಕಟ್ಟುವುದು, ಚುಕ್ಕಿ ರಂಗೋಲಿ, ಗಾಳಿಪಟಕ್ಕೆ ಸೂತ್ರ ಹಾಕುವುದು, ಬಿದ್ದ ಸೈಕಲ್ ಚೈನ್ ಕೂರಿಸುವುದು, ಯಾವುದಾದರೂ ಸರಿ. ಹತ್ತು ನಿಮಿಷ ಆದ ಮೇಲೆ ಕಲಿತ ಆ ಇಬ್ಬರು ತರಗತಿಗೆ ಮಾಡಿ ತೋರಿಸಲಿ, ಕಲಿಸಿದ ಮಗು ಪಕ್ಕದಲ್ಲಿ ನಿಂತು ತಪ್ಪು ತಿದ್ದಲಿ. ಎಲ್ಲರ ಕಣ್ಣು ಕೈಕೆಲಸದ ಮೇಲಿರುವುದರಿಂದ ಕಲಿಸಿದ ಮಗುವಿಗೆ ಅಂಜಿಕೆ ಕಡಿಮೆ, ಗೌರವ ಮಾತ್ರ ಪೂರ್ತಿ ಅದಕ್ಕೇ. ಸ್ವತಃ ಮಾಡಿ ಗೆದ್ದ ಅನುಭವವೇ "ನನ್ನ ಕೈಲಾಗುತ್ತದೆ" ಎಂಬ ನಂಬಿಕೆಯ ಗಟ್ಟಿ ಬೇರು ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲೇ ಹೇಳಿದ್ದರು. ಬರೀ "ಭೇಷ್" ಅಂದರೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಶಾಲೆಯಲ್ಲಿ ಪುಸ್ತಕದ ಚೀಲವಿಲ್ಲದೆ ಚಟುವಟಿಕೆಯಲ್ಲೇ ಕಳೆಯುವ ಸಂಭ್ರಮ ಶನಿವಾರಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಅಂಕ, ಬಹುಮಾನ ಇಟ್ಟಿರೋ, ಕೆಟ್ಟಿತು. ಸ್ಪರ್ಧೆಗೆ ಪ್ರತಿಭಾ ಕಾರಂಜಿ ಇದ್ದೇ ಇದೆ. ಇನ್ನೊಂದು ಎಚ್ಚರ: ಏನು ಕಲಿಸಬೇಕೆಂದು ಮಗುವೇ ಆರಿಸಲಿ. ಮನೆಯ ಕಸುಬು ನೋಡಿ "ನಿಮ್ಮಪ್ಪ ಮಾಡೋದನ್ನೇ ತೋರಿಸು" ಅಂದರೆ ಕೆಲವು ಮಕ್ಕಳಿಗೆ ಅದು ಅವಮಾನವಾಗಿ ನಾಟುತ್ತದೆ, ಆಮೇಲೆ ವರ್ಷವಿಡೀ ಬಾಯಿ ತೆರೆಯುವುದಿಲ್ಲ. ಇಬ್ಬರಿಗೆ ಕಲಿಸಲೂ ಒಲ್ಲೆ ಅನ್ನುವ ಮಗುವಿದ್ದರೆ ಒತ್ತಾಯ ಬೇಡ, ಮೊದಲು ನೀವೇ ಅದರ ವಿದ್ಯಾರ್ಥಿಯಾಗಿ ಕೂರಿ.